ದೋಣಿಯ ಎಂಜಿನಿಗೆ ಒತ್ತುಗಾಳಿ

೨೦೧೯ರ ಮಹಾಪೂರದಲ್ಲಿ ಕೃಷ್ಣೆಯು ಸಾಂಗಲಿಯನ್ನು ಹೊಕ್ಕಾಗ ಯಂತ್ರದೋಣಿಗಳು ಅನೇಕರನ್ನು ದಡ ಸೇರಿಸಿದುವು. ಇಂಥ ಹಗುರ ದೋಣಿಗಳಿಗೆ ಎರಡು ಹೊಡೆತದ ಪೆಟ್ರೋಲ್ ಎಂಜಿನುಗಳನ್ನು ಕಟ್ಟುವುದುಂಟು. ಇವಕ್ಕೆ ಗಾಳಿಯನ್ನು ಒತ್ತಿ ತುಂಬಿದರೆ ಬಲ ಹೆಚ್ಚದೆ? ಗಾಳಿ ಹೆಚ್ಚಿದಷ್ಟೂ ಹೆಚ್ಚು ಇಂಧನ ಉರಿಯಬಲ್ಲುದೆಂಬುದು ನಿಜ. ಆದರೆ ಇಲ್ಲಿ ಪಿಸ್ಟನ್ ಮೇಲೇರುವಾಗ ಸಿಲಿಂಡರಿನ ಒಳದಾರಿ ಮೊದಲು ಮುಚ್ಚುವುದು, ಹೊಗೆದಾರಿ ಅನಂತರ. ಒತ್ತಿ ತುಂಬಿದ ಗಾಳಿಯೂ ಅದರಲ್ಲಿ ಬೆರೆತ ಪೆಟ್ರೋಲೂ ಆ ತೆರಪಿನಲ್ಲಿ ಬಹುಮಟ್ಟಿಗೆ ಸೋರಿಹೋಗುವುವು. ತೂತುಕೊಡಕ್ಕೆ ಎಷ್ಟು ನೀರೆರೆದರೇನು?

ಹಡಗುಗಳ ದೊಡ್ಡ ಎರಡು ಹೊಡೆತದ ಡೀಸೆಲ್ ಎಂಜಿನುಗಳಲ್ಲಿ ಹೊಗೆದಾರಿಗೆ ಬೇರೆ ಕವಾಟವಿದ್ದು, ತಕ್ಕ ಕ್ಷಣದಲ್ಲಿ ಮುಚ್ಚುವುದು. ಇಂಧನವೂ ಅನಂತರವೇ ಒಳಸೇರುವುದು. ಆದುದರಿಂದ ಅಲ್ಲಿ ಒತ್ತುಗಾಳಿ ಸಫಲವಾಗಿದೆ. ಚಿಕ್ಕ ಎಂಜಿನಿನಲ್ಲಾದರೋ ಕಾವು ಮಿತಿಮೀರಿ ಪಿಸ್ಟನ್ನೇ ಕೆಟ್ಟೀತು. ನಡುಹೊಳೆಯಲ್ಲಿ ಜೀವ ಕಾಯುವುದು ವೇಗವಲ್ಲ, ನಿಲ್ಲದೆ ನಡೆಯುವ ಎಂಜಿನು. ಕುಪವಾಡದ ಕಾರ್ಖಾನೆಗಳ ನೆರೆಯಲ್ಲಿ ಬೆಳೆಯುತ್ತಿರುವ ಬಾಲಕರು ಇದನ್ನು ಮನಗಾಣಲಿ: ತುಂಬುವ ಮುನ್ನ ಹೊರದಾರಿಯನ್ನು ನೋಡಬೇಕು.