ಅಜ್ಜಿಯ ಊರಿನ ಮೇಲೊಂದು ರಾತ್ರಿ

“ಅಜ್ಜಿ, ಟೆಂಟ್‌ನಲ್ಲಿ ಮಲಗೋಣ ಬಾ” ಎಂದು ಮೊಮ್ಮಗ ಗಂಟುಬಿದ್ದಿದ್ದ. ಅವನು ಆರನೇ ಕ್ಲಾಸು, ಅವನಕ್ಕ ಎಂಟನೇ ಕ್ಲಾಸು. ಭದ್ರಾವತಿಯ ನಮ್ಮ ಮನೆಯ ಟೆರೇಸಿನಲ್ಲಿ ಮಲಗಿಸಿ ಸಮಾಧಾನ ಮಾಡೋಣವೆಂದರೆ ಕೇಳಲಿಲ್ಲ. “ನೀರು ಇರಬೇಕು, ಕಾಡು ಇರಬೇಕು” ಎಂದ. ಆಗ ನನಗೆ ಹೊನ್ನೇಮರಡು ನೆನಪಾಯಿತು. ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ದಡದಲ್ಲಿರುವ ಊರು ಅದು. ಆ ಕಡೆ ನಾನು ಹೋಗದೆ ಬಹಳ ವರ್ಷಗಳಾಗಿದ್ದವು. ಹೋಗದಿರಲು ಕಾರಣವೂ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಕಳೆದ ನವೆಂಬರಿನ ಒಂದು ಶನಿವಾರ ಹೊರಟೆವು. ಮಕ್ಕಳ ಅಪ್ಪ ಕಾರು ತೆಗೆಯುತ್ತೇನೆಂದ. ನಾನೇ ಬೇಡವೆಂದೆ. ಬೆಂಗಳೂರು, ಮೈಸೂರು ಕಡೆಯಿಂದ ಬರುವ ಕೆಲವು ರೈಲುಗಳು ಭದ್ರಾವತಿ, ಶಿವಮೊಗ್ಗ, ಸಾಗರ ದಾಟಿ ತಾಳಗುಪ್ಪಕ್ಕೆ ಹೋಗುತ್ತವೆ. ಬೆನ್ನಿಗೆ ಚೀಲ ಹಾಕಿಕೊಂಡು ಹೋಗುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಯಾವುದಿದೆ? ಶಿವಮೊಗ್ಗ ದಾಟಿದ ಮೇಲೆ ಕಿಟಕಿಯ ಹೊರಗೆ ಕಾಡು ಶುರು. ದಾರಿಯಲ್ಲಿ ಅರಸಾಳು ನಿಲ್ದಾಣ ಸಿಗುತ್ತದೆ. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಚಿತ್ರೀಕರಣ ನಡೆದ ನಿಲ್ದಾಣ ಅದು. ಹಳೆಯ ಕಟ್ಟಡ ಈಗ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿದೆ.

ನಮ್ಮ ಚೀಲದಲ್ಲಿ ಇದ್ದದ್ದು ಇಷ್ಟು: ಒಂದೊಂದು ಜೊತೆ ಬಟ್ಟೆ, ಹೊದಿಕೆ, ಟಾರ್ಚ್, ನೀರಿನ ಬಾಟಲಿ, ನನ್ನ ಬಿ.ಪಿ. ಮಾತ್ರೆ, ಚಪಾತಿ, ಚಟ್ನಿಪುಡಿ, ಮಂಡಕ್ಕಿ, ಬಾಳೆಹಣ್ಣು, ಕಸ ತುಂಬಿ ವಾಪಸ್ ತರಲು ಒಂದು ಖಾಲಿ ಚೀಲ. ಮೊಮ್ಮಗ ಕ್ರಿಕೆಟ್ ಬ್ಯಾಟನ್ನೂ ತುರುಕಿದ್ದ. “ನಿನ್ನ ಚೀಲ ನೀನೇ ಹೊರಬೇಕು” ಎಂದಾಗ ತಾನಾಗಿಯೇ ತೆಗೆದಿಟ್ಟ.

ತಾಳಗುಪ್ಪದಿಂದ ಆಟೊದಲ್ಲಿ ಹೊನ್ನೇಮರಡು ಸೇರಿದೆವು. ಅಲ್ಲಿ ದೋಣಿ, ಹರಿಗೋಲು ನಡೆಸಲು ಕಲಿಸುವವರಿದ್ದಾರೆ. ಮೊದಲೇ ಮಾತಾಡಿ, ಜಾಗ ಗೊತ್ತುಮಾಡಿಕೊಂಡೇ ಹೋಗಬೇಕು. ಸಿಕ್ಕಸಿಕ್ಕ ಕಡೆ ಟೆಂಟ್ ಹೊಡೆಯುವ ಹಾಗಿಲ್ಲ. ಸುತ್ತಲಿನ ಕಾಡಿಗೆ ಕಾಲಿಡಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಎದುರಿಗೆ ಕಣ್ಣು ಹಾಯುವಷ್ಟು ದೂರ ನೀರು. ಅಲ್ಲಲ್ಲಿ ಹಸಿರು ನಡುಗಡ್ಡೆಗಳು. ಮೊಮ್ಮಗ ಶರಟು ಬಿಚ್ಚಿ, “ಅಜ್ಜಿ, ಆ ಬಂಡೆಯಿಂದ ಹಾರ್ತೀನಿ!” ಎಂದು ಓಡಿದ. ನಾನು ಅವನ ರಟ್ಟೆ ಹಿಡಿದು ನಿಲ್ಲಿಸಿದೆ. ನನ್ನ ಕೈ ನಡುಗುತ್ತಿತ್ತು.

“ಮಗಾ, ಕೂತ್ಕೋ. ಈ ನೀರಿನ ಅಡಿಯಲ್ಲಿ ಏನಿದೆ ಗೊತ್ತಾ?”

“ಮೀನು.”

“ಮನೆಗಳಿವೆ. ಬಾವಿಗಳಿವೆ. ಕಲ್ಲಿನ ಕಟ್ಟೆ, ಮರದ ಬೊಡ್ಡೆ ಎಲ್ಲ ಇವೆ. ಇದೇ ನೀರಿನ ಅಡಿಯಲ್ಲಿ ನಾನು ಹುಟ್ಟಿದ ಊರೂ ಇದೆ.”

ಇಬ್ಬರೂ ಸುಮ್ಮನಾದರು.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿಯ ನೀರು ನಿಲ್ಲಿಸಿ ವಿದ್ಯುತ್ ತಯಾರಿಸಲು ಅದನ್ನು ಕಟ್ಟಿದರು. ನೀರು ಏರಿದಂತೆ ಕಣಿವೆಯ ಊರು, ಗದ್ದೆ, ತೋಟಗಳೆಲ್ಲ ಮುಳುಗಿದವು. ಈ ನಡುಗಡ್ಡೆಗಳು ಆಗ ಗುಡ್ಡದ ನೆತ್ತಿಗಳು. ನಮ್ಮ ಊರಷ್ಟೇ ಅಲ್ಲ, ಮಡೆನೂರಿನ ಹತ್ತಿರ 1948ರಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಇದರಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಆ ಹಳೆಯ ಅಣೆಕಟ್ಟು ಮೇಲೆದ್ದು ಕಾಣುತ್ತದೆ.

ನನಗಾಗ ಒಂಬತ್ತು ವರ್ಷ. ಅಪ್ಪ ಬಾಗಿಲ ಚೌಕಟ್ಟು, ತೊಲೆ ಬಿಚ್ಚಿ ಲಾರಿಗೆ ಹೇರಿದರು. ಅಮ್ಮ ತುಳಸಿ ಗಿಡವನ್ನು ಬೇರುಮಣ್ಣಿನ ಸಮೇತ ಒಂದು ಪಾತ್ರೆಯಲ್ಲಿಟ್ಟುಕೊಂಡರು. ಬೆಕ್ಕು ಮಾತ್ರ ಸಿಗಲಿಲ್ಲ. ಕರೆದೂ ಕರೆದೂ ಗಂಟಲು ಬಿತ್ತು. ಲಾರಿ ಹೊರಟೇಬಿಟ್ಟಿತು. ನಮ್ಮಂಥ ಅನೇಕ ಕುಟುಂಬಗಳು ಶಿವಮೊಗ್ಗ, ಭದ್ರಾವತಿ ಕಡೆಯ ಕಾಡುಭೂಮಿಗೆ ಬಂದು, ಮೊದಲಿಂದ ಬದುಕು ಕಟ್ಟಿದವು. ಕೊಟ್ಟ ಜಮೀನಿನ ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿರುವವರಿದ್ದಾರೆ.

“ನಿಮ್ಮ ಮನೆ ಎಲ್ಲಿತ್ತು ಅಜ್ಜಿ? ತೋರ್ಸು” ಎಂದಳು ಮೊಮ್ಮಗಳು. ನಾನು ಕೈಯೆತ್ತಿದೆ. ಯಾವ ಕಡೆ ತೋರಿಸಬೇಕೆಂದು ತಿಳಿಯಲಿಲ್ಲ. ಎಲ್ಲ ಕಡೆಯೂ ನೀರು ಒಂದೇ ಥರ ಕಾಣುತ್ತಿತ್ತು.

ಸಂಜೆ ಮೂವರೂ ಲೈಫ್ ಜಾಕೆಟ್ ಹಾಕಿಕೊಂಡು ಹರಿಗೋಲಿನಲ್ಲಿ ಕುಳಿತೆವು. ಎಪ್ಪತ್ತು ವರ್ಷದ ನನಗೂ ಹಾಕಿಸಿದರು. ಈಜು ಬಂದರೂ ಜಾಕೆಟ್ ಬಿಡಬಾರದು. ಹಿನ್ನೀರಿನ ಆಳ ಮೇಲಿನಿಂದ ತಿಳಿಯುವುದಿಲ್ಲ. ದಡದ ಹತ್ತಿರ ಮೊಣಕಾಲುದ್ದ ಇದ್ದದ್ದು ಮುಂದಿನ ಹೆಜ್ಜೆಗೆ ಆಳುದ್ದವಾಗಬಹುದು. ಮೊಮ್ಮಗ ಈ ಸಲ ಹಟ ಮಾಡಲಿಲ್ಲ. ನೀರಿನೊಳಗೆ ಬಗ್ಗಿ, “ಅಜ್ಜಿ, ನಿಮ್ಮ ಬೆಕ್ಕು ಗುಡ್ಡ ಹತ್ತಿರಬಹುದು, ಅಲ್ವಾ?” ಎಂದ. ಅರವತ್ತು ವರ್ಷದಲ್ಲಿ ನನಗೆ ಹೊಳೆಯದ ಮಾತು ಅದು. “ಹತ್ತಿರುತ್ತೆ ಪುಟ್ಟಾ” ಎಂದೆ.

ರಾತ್ರಿ ಟೆಂಟಿನ ಹೊರಗೆ ಕುಳಿತು ನಕ್ಷತ್ರ ನೋಡಿದೆವು. ನೆಲ ಗಟ್ಟಿಯಿತ್ತು, ಸೊಂಟ ಹಿಡಿದುಕೊಂಡಿತು. ಆದರೂ ನಿದ್ದೆ ಬಂತು.

ಮರುದಿನ ಕಸವನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಜೋಗಕ್ಕೆ ಹೋಗಿ, 253 ಮೀಟರ್ ಎತ್ತರದಿಂದ ಧುಮುಕುವ ರಾಜ, ರೋರರ್, ರಾಕೆಟ್, ರಾಣಿಯರನ್ನು ನೋಡಿ ಬಂದೆವು.

ನೀವೂ ಹೋಗುವುದಾದರೆ ಮಳೆ ನಿಂತ ಮೇಲೆ ಹೋಗಿ. ಮಳೆಗಾಲದಲ್ಲಿ ಉಂಬಳಗಳ ಕಾಟ, ಜಾರುವ ದಡ. ರಾತ್ರಿ ತಂಗಲಾಗದ ಅಜ್ಜ-ಅಜ್ಜಿಯರಿಗೆ ಶಿವಮೊಗ್ಗದ ಸುತ್ತಲೇ ಬೇಕಾದಷ್ಟಿದೆ. ತೀರ್ಥಹಳ್ಳಿ ರಸ್ತೆಯಲ್ಲಿ ಸಕ್ರೆಬೈಲಿನ ಆನೆ ಬಿಡಾರವಿದೆ. ಆನೆಗಳ ಸ್ನಾನ ನೋಡಲು ಬೆಳಿಗ್ಗೆಯೇ ಹೋಗಬೇಕು. ಅದೇ ರಸ್ತೆಯಲ್ಲಿ ಮುಂದೆ ಮಂಡಗದ್ದೆ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ಅದನ್ನು ರಸ್ತೆ ಬದಿಯಿಂದಲೇ ನೋಡಬಹುದು. ತುಂಗೆ, ಭದ್ರೆ ಸೇರುವ ಕೂಡ್ಲಿಗೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಮರಳಬಹುದು. ಭದ್ರಾವತಿಯವರಿಗೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಹತ್ತಿರವೇ ಇದೆ.

ಎಲ್ಲಿಗೇ ಹೋದರೂ ಮಕ್ಕಳೇ, ಅಲ್ಲಿ ಹಿಂದೆ ಏನಿತ್ತು ಎಂದು ನಿಮ್ಮ ಅಜ್ಜ-ಅಜ್ಜಿಯನ್ನು ಕೇಳಿ. ಅವರಾಗಿಯೇ ಹೇಳುವುದಿಲ್ಲ. ನಾನೂ ಹೇಳಿರಲಿಲ್ಲ.

ಭಾನುವಾರ ರಾತ್ರಿ ಮನೆ ಸೇರಿದಾಗ ಎಲ್ಲರಿಗೂ ಸುಸ್ತು. ನಾನು ಮಲಗಲು ಹೋಗುವಾಗ ಹಿಂದಿನಿಂದ ಸ್ವಿಚ್ಚಿನ ಸದ್ದು ಕೇಳಿಸಿತು. ಯಾರೂ ಇಲ್ಲದ ನಡುಮನೆಯ ದೀಪವನ್ನು ಮೊಮ್ಮಗ ಆರಿಸುತ್ತಿದ್ದ.

“ಇದು ನಿಮ್ಮೂರಿಂದ ಬರೋ ಕರೆಂಟು ಅಲ್ವಾ ಅಜ್ಜಿ” ಎಂದ.