ಮುಟ್ಟಿನ ನೋವು: ಮನೆಮದ್ದಿಗೆ ಪುರಾವೆ ಎಷ್ಟಿದೆ?

ಎಂಬಕಸಿಯ ವಿಮಾನ ನಿಲ್ದಾಣದಲ್ಲಿ ಇಳಿಯುವ ನಮ್ಮ ಸೂಟ್‌ಕೇಸ್‌ಗಳಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ ಜೊತೆ ಕಷಾಯದ ಪುಡಿಯ ಪೊಟ್ಟಣವೂ ಇರುತ್ತೆ. "ಮುಟ್ಟಿನ ಹೊಟ್ಟೆನೋವಿಗೆ ಒಳ್ಳೇದು" ಅಂತ ಮನೆಯವರು ಕಟ್ಟಿಕೊಟ್ಟಿದ್ದು. ನಿಜವಾಗಿ ಅದು ಕೆಲಸ ಮಾಡುತ್ತಾ? ಮೂರು ಮೂಲಿಕೆಗಳನ್ನು ನೋಡೋಣ.

ಮೊದಲನೆಯದು ಶುಂಠಿ, ಇಲ್ಲಿಯವರ ತಂಗವೀಜಿ. ಇರಾನಿನಲ್ಲಿ 150 ವಿದ್ಯಾರ್ಥಿನಿಯರ ಮೇಲೆ ನಡೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಮುಟ್ಟು ಶುರುವಾದಾಗಿನಿಂದ ಮೂರು ದಿನ, ದಿನಕ್ಕೆ ನಾಲ್ಕು ಸಲ 250 ಮಿಲಿಗ್ರಾಂ ಶುಂಠಿ ಪುಡಿ. ಉಳಿದೆರಡು ಗುಂಪುಗಳಿಗೆ ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್. ಮೂರರಲ್ಲೂ ನೋವು ಹೆಚ್ಚುಕಡಿಮೆ ಒಂದೇ ರೀತಿ ಇಳಿಯಿತು. ಆದರೆ ಔಷಧವಿಲ್ಲದ ಖಾಲಿ ಮಾತ್ರೆ ಕೊಟ್ಟ ಗುಂಪು ಇರಲಿಲ್ಲ. ಹಾಗಾಗಿ ಅದೊಂದರಿಂದಲೇ ತೀರ್ಮಾನಕ್ಕೆ ಬರೋಕಾಗಲ್ಲ.

ಎರಡನೆಯದು ಮೆಂತ್ಯ. ಮುಟ್ಟಿನ ನೋವಿಗೆ ಬಳಸುವ ಇಂಥ ಪದಾರ್ಥಗಳ ಬಗ್ಗೆ ನಡೆದ 27 ಪ್ರಯೋಗಗಳನ್ನು 2016ರಲ್ಲಿ ಕಾಕ್ರೇನ್ ಸಂಸ್ಥೆ ಒಟ್ಟಿಗೆ ಪರಿಶೀಲಿಸಿತು. ಶುಂಠಿ, ಮೆಂತ್ಯ ಎರಡಕ್ಕೂ ಸಿಕ್ಕಿದ್ದು ಅಲ್ಪಸ್ವಲ್ಪ ಪುರಾವೆ. ಗಟ್ಟಿ ಪುರಾವೆ ಯಾವುದಕ್ಕೂ ಇಲ್ಲ.

ಮೂರನೆಯದು ಅಶೋಕದ ತೊಗಟೆ. ಇಲ್ಲಿ ಸಮಸ್ಯೆಯೇ ಬೇರೆ. ದಕ್ಷಿಣ ಭಾರತದ ಅಂಗಡಿಗಳಿಂದ ತಂದ 25 ಮಾದರಿಗಳನ್ನು ಸಂಶೋಧಕರು ಡಿಎನ್ಎ ಪರೀಕ್ಷೆಗೆ ಒಡ್ಡಿದಾಗ ಹೆಚ್ಚಿನವು ಅಶೋಕವೇ ಆಗಿರಲಿಲ್ಲ! ಕಾಡಿನಲ್ಲಿ ಅಶೋಕ ಕಡಿಮೆಯಾಗುತ್ತಿದೆ, ಬೇಡಿಕೆ ಮಾತ್ರ ಏರುತ್ತಿದೆ. ಕಾಂಪೌಂಡ್ ಪಕ್ಕ ಕಂಬದ ಹಾಗೆ ನೆಟ್ಟಗೆ ಬೆಳೆಯುವ 'ಅಶೋಕ' ಕೂಡ ಬೇರೆಯದೇ ಜಾತಿಯ ಮರ.

ಅಂದ್ರೆ, ಮದ್ದು ಕೆಲಸ ಮಾಡುತ್ತಾ ಅನ್ನೋದಕ್ಕಿಂತ ಮೊದಲು ಪೊಟ್ಟಣದಲ್ಲಿ ಏನಿದೆ ಅಂತ ಕೇಳಬೇಕು. ಶುಂಠಿಯನ್ನು ನಾವೇ ಗುರುತಿಸಬಹುದು. ಕುಟ್ಟಿ ಪುಡಿ ಮಾಡಿದ ತೊಗಟೆಯನ್ನಲ್ಲ. ಊರಿಗೆ ಫೋನ್ ಮಾಡಿದಾಗ ಪುಡಿಗೆ ಏನೇನು ಹಾಕಿದ್ದಾರೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಗರ್ಭಿಣಿ ಇರಬಹುದು ಅನ್ನಿಸಿದರೆ, ಅಥವಾ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ಡಾಕ್ಟರನ್ನು ಕೇಳದೆ ಯಾವ ಪುಡಿಯೂ ಬೇಡ.

ಸಾಧಾರಣ ನೋವಿಗೆ ಶುಂಠಿ ಚಹಾ, ಬಿಸಿನೀರಿನ ಚೀಲ ಸಾಕಾಗಬಹುದು. ಆದರೆ ತಿಂಗಳು ತಿಂಗಳೂ ಕ್ಲಾಸ್ ತಪ್ಪಿಸುವಷ್ಟು ನೋವು, ಗಂಟೆಗೊಮ್ಮೆ ಪ್ಯಾಡ್ ಬದಲಿಸುವಷ್ಟು ರಕ್ತಸ್ರಾವ ಇದ್ದರೆ ತಡ ಮಾಡಬೇಡಿ. ಅದರ ಹಿಂದೆ ಎಂಡೊಮೆಟ್ರಿಯೋಸಿಸ್ ಅಥವಾ ಗರ್ಭಕೋಶದ ಗಡ್ಡೆ ಇರಬಹುದು. ಅವಕ್ಕೆ ಕಷಾಯ ಮದ್ದಲ್ಲ. ಡಾಕ್ಟರ್ ಹತ್ತಿರ ಹೋಗುವಾಗ ಪುಡಿಯ ಪಟ್ಟಿಯನ್ನೂ ತಗೊಂಡು ಹೋಗಿ, ಸಂಕೋಚ ಬೇಡ.