ಎರವಲು ಬೇರು, ಕರಬೂಜದ ಪರಿಮಳ

ಕರಬೂಜದ ಬಳ್ಳಿಯನ್ನು ಒಣಗಿಸುವ ಫ್ಯುಸೇರಿಯಂ ಸೊರಗು ರೋಗದ ಶಿಲೀಂಧ್ರವು ಬೆಳೆಯಿಲ್ಲದ ಮಣ್ಣಿನಲ್ಲೂ ವರ್ಷಗಟ್ಟಲೆ ಬದುಕಿರಬಲ್ಲುದು. ಆದ್ದರಿಂದ ಜಪಾನ್, ಕೊರಿಯಾ, ಸ್ಪೇನ್, ಇಟಲಿ ಮೊದಲಾದ ಕಡೆ ಈ ರೋಗವನ್ನು ತಡೆಯಬಲ್ಲ ಇನ್ನೊಂದು ಸಸಿಯ ಮೇಲೆ ಕರಬೂಜದ ಕುಡಿಯನ್ನು ಕಸಿ ಮಾಡುವ ಪದ್ಧತಿ ಬೆಳೆದಿದೆ. ಬೇರನ್ನು ಒದಗಿಸುವ ಈ ಸಸಿಯೇ ಬೇರುಗಿಡ. ಎರಡು ಜಾತಿಯ ಸಿಹಿಗುಂಬಳಗಳನ್ನು ಕೂಡಿಸಿ ಪಡೆದ ಮಿಶ್ರತಳಿಯೇ ಇದಕ್ಕೆ ಹೆಚ್ಚಾಗಿ ಬಳಕೆಯಾಗುತ್ತದೆ. ಬಳ್ಳಿಯೇನೋ ಉಳಿಯುತ್ತದೆ, ಆದರೆ ಹಣ್ಣಿನ ಘಮಲು ತಗ್ಗಿತೆಂಬ ದೂರು ಕೆಲವು ಜೋಡಿಗಳ ವಿಷಯದಲ್ಲಿ ಕೇಳಿಬರುತ್ತದೆ.

ಕಸಿಯಿಂದ ಹಣ್ಣಿನ ವಂಶವಾಹಿಗಳು ಬದಲಾಗುವುದಿಲ್ಲವಾದ್ದರಿಂದ ಪರಿಮಳವನ್ನು ತಯಾರಿಸುವುದು ಕರಬೂಜವೇ ಹೊರತು ಕುಂಬಳವಲ್ಲ. ಮಾಗಿದ ಹಣ್ಣಿನ ಸುವಾಸನೆಯಲ್ಲಿ ದೊಡ್ಡ ಪಾಲು ಎಸ್ಟರ್‌ಗಳದು, ಅಂದರೆ ಆಮ್ಲ ಮತ್ತು ಆಲ್ಕೋಹಾಲ್ ಕೂಡಿ ಉಂಟಾಗುವ, ಬೇಗನೆ ಆವಿಯಾಗುವ ಸಂಯುಕ್ತಗಳದು. ಐಸೊಲ್ಯೂಸಿನ್ ಎಂಬ ಅಮೈನೋ ಆಮ್ಲದಿಂದ ಹಣ್ಣಿನ ಸಿಹಿಗಂಪಿನ ಎಸ್ಟರ್‌ಗಳೂ ಮೆಥಿಯೋನಿನ್‌ನಿಂದ ಗಂಧಕ ಬೆರೆತ ಗಾಢ ವಾಸನೆಯವೂ ಹುಟ್ಟುತ್ತವೆ. ಕೊಬ್ಬಿನಾಮ್ಲಗಳು ಒಡೆದಾಗ ಬರುವ ಒಂಬತ್ತು ಇಂಗಾಲದ ಆಲ್ಡಿಹೈಡ್‌ಗಳಿಗೆ ಎಳೆ ಸೌತೆಯ ಹಸಿವಾಸನೆ ಇರುತ್ತದೆ. ಎಸ್ಟರ್ ತಯಾರಿಕೆಯ ಕೊನೆಯ ಹಂತವನ್ನು ನಡೆಸುವ ಕಿಣ್ವವು, ಘಮಘಮಿಸುವ ತಳಿಗಳಲ್ಲಿ, ಮಾಗುವಿಕೆಯ ಹಾರ್ಮೋನಾದ ಎಥಿಲೀನಿನ ಪ್ರೇರಣೆಯನ್ನು ಬಹುಮಟ್ಟಿಗೆ ಅವಲಂಬಿಸಿದೆ. ಫ್ರಾನ್ಸಿನ ಶಾರಾಂತೇ ಕರಬೂಜದಲ್ಲಿ ವಂಶವಾಹಿ ತಂತ್ರದಿಂದ ಎಥಿಲೀನನ್ನು ಅಡಗಿಸಿದಾಗ ಸಕ್ಕರೆ ಎಂದಿನಂತೆ ತುಂಬಿಕೊಂಡರೂ ಎಸ್ಟರ್‌ಗಳು ಬಹುವಾಗಿ ಇಳಿದವು. ಸಕ್ಕರೆಯ ಪ್ರಮಾಣವನ್ನು ಮಾತ್ರ ಅಳೆದು ಬೇರುಗಿಡಕ್ಕೆ ಪ್ರಮಾಣಪತ್ರ ಕೊಡುವುದು ಅದಕ್ಕೇ ಸಾಲದು.

ಬೇರಿನ ಪಾತ್ರವಿರುವುದು ಪೂರೈಕೆಯಲ್ಲಿ ಮತ್ತು ಮಾಗುವ ವೇಗದಲ್ಲಿ. ಕುಂಬಳದ ಬೇರು ನೀರನ್ನೂ ಸಾರಜನಕವನ್ನೂ ಧಾರಾಳವಾಗಿ ಹೀರಿ ಕೊಟ್ಟಾಗ ಬಳ್ಳಿ ಎಲೆ ಬಿಡುವುದರಲ್ಲೇ ತೊಡಗಿ, ಹಣ್ಣಿಗೆ ಸಿಗಬೇಕಾದ ಸಕ್ಕರೆ ಮತ್ತು ಅಮೈನೋ ಆಮ್ಲಗಳ ಹಂಚಿಕೆ ಏರುಪೇರಾಗಬಹುದು. ಬೇರಿನಲ್ಲಿ ತಯಾರಾಗುವ ಸೈಟೊಕೈನಿನ್ ಹಾರ್ಮೋನೂ ನೀರಿನೊಡನೆ ಮೇಲೇರುತ್ತದೆ. ಕಸಿಯ ಗಡಿಯನ್ನು ಪ್ರೋಟೀನುಗಳು ಸಹ ದಾಟುತ್ತವೆ: ಕುಂಬಳದ ಮೇಲೆ ಕಸಿ ಮಾಡಿದ ಸೌತೆಯ ಆಹಾರವಾಹಿ ನಾಳಗಳಲ್ಲಿ ಕುಂಬಳದ ಪ್ರೋಟೀನುಗಳೇ ಪತ್ತೆಯಾಗಿವೆ. ಬೇರು ಹೀರುವ ಖನಿಜದ ಪರಿಣಾಮ ಹಣ್ಣಿನ ಮೇಲೂ ಕಾಣುತ್ತದೆ: ಸೌತೆಯ ಮೇಲಿನ ಬಿಳಿ ಪುಡಿಯಂಥ ಲೇಪದಲ್ಲಿ ಸಿಲಿಕಾ ಇರುತ್ತದೆ. ಜಪಾನಿನಲ್ಲಿ ಸಿಲಿಕಾವನ್ನು ಕಡಿಮೆ ಹೀರುವ ಕುಂಬಳದ ಬೇರನ್ನು ಆರಿಸಿ ಹೊಳೆಯುವ ಸೌತೆಯನ್ನೇ ಬೆಳೆಯುತ್ತಾರೆ.

ಹಣ್ಣಿನ ಗುಣ ಉಳಿಯಬೇಕೆನ್ನುವವರು ಕರಬೂಜದ ಜಾತಿಯಲ್ಲೇ ರೋಗನಿರೋಧಕ ಬೇರನ್ನು ಹುಡುಕುವುದು ಸಹಜ. ಮಂಗಳೂರು ಸೌತೆಯೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಕರಬೂಜವೇ ಆಗಿರುವುದನ್ನು ನೋಡಿದರೆ ಆ ಜಾತಿಯ ವೈವಿಧ್ಯ ಎಷ್ಟೆಂಬುದು ತಿಳಿಯುತ್ತದೆ. ಇನ್ನು ದೂರುಗಳೆಲ್ಲವೂ ಬೇರಿನ ತಪ್ಪೆನ್ನುವಂತಿಲ್ಲ. ಬಲಿಷ್ಠ ಬೇರಿನ ಮೇಲೆ ಹಣ್ಣು ಕೆಲವೊಮ್ಮೆ ತಡವಾಗಿ ಮಾಗುವುದರಿಂದ, ಕಸಿಯಿಲ್ಲದ ಬಳ್ಳಿಯ ಲೆಕ್ಕ ಹಿಡಿದು ಅದೇ ದಿನ ಕೊಯ್ದರೆ ಎಸ್ಟರ್‌ಗಳು ಕೂಡಿಬರುವ ಮೊದಲೇ ಹಣ್ಣು ಬುಟ್ಟಿ ಸೇರಿರುತ್ತದೆ.